ಬಿಸಿಯೂಟದ ಸಾಲಿನಲ್ಲಿ ಕಾಣುವ ಮರ್ಯಾದೆ

ಹೆಡ್‌ಮಾಸ್ಟರು ಎದುರು ಬಂದಾಗ ಕೈಮುಗಿಯದ ಮಗು ನಮ್ಮ ಶಾಲೆಗಳಲ್ಲಿ ಅಪರೂಪ. ಬಿಇಒ ಸಾಹೇಬರು ಬರುವ ದಿನವಂತೂ ಇಡೀ ತರಗತಿ ಒಮ್ಮೆಗೇ ಎದ್ದು ನಿಂತು, ರಾಗ ಎಳೆದು ‘ನಮಸ್ತೇ ಸಾರ್’ ಎನ್ನುತ್ತದೆ. ಪ್ರಾರ್ಥನೆಯ ಸಾಲು ನೆಟ್ಟಗಿರುತ್ತದೆ, ತಲೆ ಬಾಚಿರುತ್ತದೆ, ಉಗುರು ಕತ್ತರಿಸಿರುತ್ತದೆ. ಬಂದವರು ಮೆಚ್ಚಿ, ‘ಮಕ್ಕಳಲ್ಲಿ ಉತ್ತಮ ಶಿಸ್ತು ಇದೆ’ ಎಂದು ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಬರೆದದ್ದು ಸುಳ್ಳೇನೂ ಅಲ್ಲ. ಆದರೆ ಆ ಶಾಲೆಯ ಮಕ್ಕಳು ನಡವಳಿಕೆಯಲ್ಲಿ ಏನು ಕಲಿತಿದ್ದಾರೆ ಎಂದು ತಿಳಿಯಬೇಕಾದರೆ ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಕಾಯಬೇಕು, ಅಡುಗೆ ಕೋಣೆಯ ಮುಂದೆ ತಟ್ಟೆ ಹಿಡಿದು ನಿಲ್ಲುವ ಸಾಲನ್ನು ನೋಡಬೇಕು.

ಏಳನೇ ತರಗತಿಯ ಹುಡುಗ ಒಂದನೇ ತರಗತಿಯ ಮಗುವನ್ನು ಹಿಂದಕ್ಕೆ ತಳ್ಳಿ ಮುಂದೆ ನುಗ್ಗುತ್ತಾನೋ, ಅದಕ್ಕೆ ದಾರಿ ಬಿಡುತ್ತಾನೋ? ಸಾರು ಬಡಿಸುವ ಹೆಂಗಸಿಗೆ ‘ಏಯ್, ಇನ್ನೊಂಚೂರು ಹಾಕು’ ಎನ್ನುತ್ತಾನೋ, ‘ಅಮ್ಮಾ, ಇನ್ನೊಂಚೂರು ಹಾಕಿ’ ಎನ್ನುತ್ತಾನೋ? ಕೈತಪ್ಪಿ ತಟ್ಟೆ ಬೀಳಿಸಿದವನನ್ನು ಕಂಡು ಉಳಿದವರು ಹೋ ಎಂದು ಕೂಗುತ್ತಾರೋ, ಬಗ್ಗಿ ಅನ್ನ ಬಳಿಯಲು ಯಾರಾದರೂ ಕೈ ಹಾಕುತ್ತಾರೋ? ಬಡಿಸುವಾಕೆಗೆ ಅವನನ್ನು ದಂಡಿಸುವ ಅಧಿಕಾರವಿಲ್ಲ, ಅಂಕ ಕೊಡುವವರೂ ಅವರಲ್ಲ. ಒಂದನೇ ತರಗತಿಯ ಮಗುವಂತೂ ತಿರುಗಿ ತಳ್ಳಲಾರದು. ಹೆದರಬೇಕಾದವರು ಯಾರೂ ಇಲ್ಲದ ಆ ಜಾಗದಲ್ಲಿ ಮಗು ಹೇಗೆ ನಡೆದುಕೊಳ್ಳುತ್ತದೋ ಅದೇ ಅದು ನಿಜವಾಗಿ ಕಲಿತ ನಡತೆ.

ಚೆನ್ನಾಗಿ ನಡೆಯುವ ಶಾಲೆಗಳಲ್ಲಿ ಈ ಸಾಲಿಗೆ ತನ್ನದೇ ಕ್ರಮವಿರುತ್ತದೆ. ಚಿಕ್ಕ ಮಕ್ಕಳಿಗೆ ಮೊದಲು. ದೊಡ್ಡವರು ಸರದಿಯಂತೆ ನೀರು ಕೊಡುತ್ತಾರೆ. ಎಲ್ಲರ ತಟ್ಟೆಗೂ ಬಿದ್ದ ಮೇಲೆ ಒಟ್ಟಿಗೆ ಊಟ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಂತೂ ಇದ್ದೇ ಇದೆ. ಕೆಲವರು ಅಷ್ಟಕ್ಕೇ ನಿಲ್ಲದೆ ಮಕ್ಕಳ ಸಾಲಿನಲ್ಲೇ ಕೂತು ಅದೇ ಅನ್ನ ಉಣ್ಣುತ್ತಾರೆ. ಊಟ ಮುಗಿಸಿ ಏಳುವಾಗ ‘ಸಾರು ಚೆನ್ನಾಗಿತ್ತಮ್ಮ’ ಎಂದು ಮೇಷ್ಟರೊಬ್ಬರು ಹೇಳಿದರೆ ಮರುದಿನ ನಾಲ್ಕು ಮಕ್ಕಳು ಅದನ್ನೇ ಹೇಳುತ್ತವೆ. ಇದನ್ನು ಕಲಿಸಲು ನೀತಿ ಪಾಠದ ಅವಧಿ ಬೇಕಿಲ್ಲ.

ನಮ್ಮ ರಾಜ್ಯದಲ್ಲಿ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, ಶುರುವಾದದ್ದು 2002ರಲ್ಲಿ, ಈಶಾನ್ಯ ಭಾಗದ ಏಳು ಜಿಲ್ಲೆಗಳಿಂದ. ಮರುವರ್ಷ ಅದು ಉಳಿದ ಜಿಲ್ಲೆಗಳಿಗೂ ಬಂತು. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತ್ತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ಹೇಳಿತು. ಹಸಿವು ನೀಗಿಸುವ ಯೋಜನೆಯ ಒಳಗೆ ಇನ್ನೊಂದು ದೊಡ್ಡ ಪಾಠವೂ ಹೀಗೆ ಸೇರಿಕೊಂಡಿತು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು, ಯಾವ ಜಾತಿಯವರು ಬೇಯಿಸಿದ್ದಾದರೂ ಉಣ್ಣಬೇಕು.

ಆ ಪಾಠ ಎಷ್ಟು ಕಷ್ಟದ್ದು ಎಂದು ಕೋಲಾರ ಜಿಲ್ಲೆಯ ಕಗ್ಗನಹಳ್ಳಿ ತೋರಿಸಿತು. 2014ರಲ್ಲಿ ಅಲ್ಲಿನ ಶಾಲೆಗೆ ದಲಿತ ಮಹಿಳೆಯೊಬ್ಬರು ಅಡುಗೆಗೆ ಬಂದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಟ್ಟು ತರಗತಿಗಳೇ ಬರಿದಾದವು. 2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದಿಂದಲೂ ಅಂಥದೇ ಸುದ್ದಿ ಪತ್ರಿಕೆಗಳಲ್ಲಿ ಬಂತು. ಎರಡರ ನಡುವೆ ಹನ್ನೊಂದು ವರ್ಷ. ಅಲ್ಲಿನ ಮಕ್ಕಳು ಮೇಷ್ಟರಿಗೆ ನಮಸ್ಕಾರ ಹೇಳುತ್ತಿರಲಿಲ್ಲವೇ? ಖಂಡಿತ ಹೇಳುತ್ತಿದ್ದರು. ಹಿರಿಯರ ಮಾತು ಮೀರುವ ಮಕ್ಕಳೂ ಅವರಾಗಿರಲಾರರು. ಮನೆಯ ಹಿರಿಯರ ಮಾತು ಕೇಳಿಯೇ ಅವರು ತಟ್ಟೆ ಬಿಟ್ಟು ಎದ್ದರು. ಯಾರಿಗೆ ಕೈಮುಗಿಯಬೇಕು ಎಂಬುದರ ಜೊತೆಗೇ ಯಾರಿಗೆ ಬೇಕಾಗಿಲ್ಲ ಎಂಬುದನ್ನೂ ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ. ಶಾಲೆಯಲ್ಲಿ ಸದ್ವರ್ತನೆ ಎಂದು ಬಾಯಿ ತೆರೆಯುವ ಮೊದಲು ದೊಡ್ಡವರು ಈ ಸಂಗತಿಯನ್ನು ನೇರವಾಗಿ ನೋಡಬೇಕು.

ಸಾತಾರದ ಶಾಲೆಯಲ್ಲಿ ಓದುವಾಗ ತಮಗೆ ಬಾಯಾರಿದರೆ ನೀರು ಸಿಗುತ್ತಿದ್ದುದು ಜವಾನ ಇದ್ದಾಗ ಮಾತ್ರ ಎಂದು ಅಂಬೇಡ್ಕರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನಲ್ಲಿಯನ್ನು ಅವರು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು. ಅವನು ಇಲ್ಲದ ದಿನ ನೀರಿಲ್ಲ. ಕೂರಲು ಮನೆಯಿಂದ ತಂದ ಗೋಣಿತಟ್ಟು, ಸಂಜೆ ಅದನ್ನು ಮನೆಗೇ ಹೊತ್ತು ಒಯ್ಯಬೇಕು. ಶಾಲೆ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಆ ಶಾಲೆಗೂ ನಿಯಮಗಳಿದ್ದವು, ಮಕ್ಕಳು ಅವನ್ನು ತಪ್ಪದೆ ಪಾಲಿಸುತ್ತಿದ್ದರು. ನಿಯಮ ಪಾಲಿಸುವುದಕ್ಕೂ ಎದುರಿನವರನ್ನು ಮನುಷ್ಯರೆಂದು ಕಾಣುವುದಕ್ಕೂ ಎಷ್ಟು ಅಂತರ ಇರಬಹುದೆಂದು ತಿಳಿಯಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕೆನ್ನೆಗೆ ಹೊಡೆಸುವ ಪಾಠ

ಈಗ ಐವತ್ತು ದಾಟಿದವರಲ್ಲಿ ಅನೇಕರಿಗೆ ಒಂದು ಪದ್ಧತಿ ನೆನಪಿರಬೇಕು. ಮೇಷ್ಟರು ಮಗ್ಗಿಯನ್ನೋ ಬಾಯಿಲೆಕ್ಕವನ್ನೋ ಕೇಳುತ್ತಾರೆ. ಸಾಲಾಗಿ ನಿಂತವರಲ್ಲಿ ಒಬ್ಬನಿಗೆ, ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ನಾಲ್ಕನೆಯವಳು ಸರಿಯಾದ ಉತ್ತರ ಹೇಳುತ್ತಾಳೆ. ಆಗ ಆ ಹುಡುಗಿ ಹಿಂದಿರುಗಿ ಬಂದು, ತಪ್ಪು ಹೇಳಿದ ಒಬ್ಬೊಬ್ಬರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ‘ಹೀಗಲ್ಲ, ಹೀಗೆ’ ಎಂದು ಮೇಷ್ಟರು ಅವಳ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಹುಣಸೆ ಬರಲು, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ಬಿಸಿಲಲ್ಲಿ ಮೊಣಕಾಲೂರಿಸುವುದು ಎಲ್ಲವೂ ಇದ್ದವು. ಅವುಗಳಲ್ಲಿ ಅತಿ ಕೆಟ್ಟದ್ದು ಈ ಮೂಗು ಹಿಡಿಸುವ ಶಿಕ್ಷೆಯೇ ಎಂದು ನನಗನ್ನಿಸುತ್ತದೆ. ಬರಲಿನ ಬಾಸುಂಡೆ ವಾರದಲ್ಲಿ ಮಾಯುತ್ತಿತ್ತು. ಇದು ಬುದ್ಧಿವಂತರ ಕೈಯಿಂದ ದಡ್ಡರ ಮುಖ ಮುಟ್ಟಿಸಿ, ಕಲಿತವರಿಗೆ ಕಲಿಯದವರನ್ನು ಅವಮಾನಿಸುವ ಹಕ್ಕಿದೆ ಎಂದು ಇಬ್ಬರಿಗೂ ಒಟ್ಟಿಗೆ ಕಲಿಸುತ್ತಿತ್ತು. ಆ ಪಾಠ ಕಲಿತ ಒಂದು ತಲೆಮಾರು ಇವತ್ತು ಕಚೇರಿಗಳಲ್ಲಿ ಕೂತಿದೆ, ಅರ್ಜಿ ಬರೆಯಲು ಬಾರದೆ ಎದುರು ನಿಂತವರೊಡನೆ ಮಾತಾಡುತ್ತಿದೆ.

ಈಗ ಕಾನೂನು ಸ್ಪಷ್ಟವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕೋಲು ಬಹುಮಟ್ಟಿಗೆ ಮರೆಯಾಗಿದೆ, ನಾಲಿಗೆ ಇನ್ನೂ ಮರೆಯಾಗಿಲ್ಲ. ‘ನಿಮ್ಮಪ್ಪನ ಹಾಗೆ ಕುರಿ ಕಾಯೋಕೇ ಲಾಯಕ್ಕು’ ಎಂಬ ಮಾತಿನಲ್ಲಿ ಮಗುವಿಗೂ ಅವಮಾನ, ಅಪ್ಪನಿಗೂ ಅವಮಾನ, ಕುರಿ ಕಾಯುವ ಕೆಲಸಕ್ಕೂ ಅವಮಾನ. ಪೋಷಕರ ಸಭೆಯಲ್ಲಿ ತಾಯಿಯೊಬ್ಬರು ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ‘ಇವನ ತಲೆಗೆ ಏನೂ ಹತ್ತಲ್ಲ ಮಿಸ್’ ಎನ್ನುವುದೂ ಇದೇ ಸಾಲಿಗೆ ಸೇರಿದ್ದು. ಇನ್ನು ಹೊಸದೊಂದು ಚಾಳಿ: ಶಾಲೆಗೆ ಭೇಟಿ ಕೊಟ್ಟವರು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸುವುದು, ಅದು ತಡವರಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವುದು. ವ್ಯವಸ್ಥೆಯ ಸೋಲನ್ನು ತೋರಿಸುವುದೇ ಅವರ ಉದ್ದೇಶ ಇರಬಹುದು. ಊರೆಲ್ಲ ನೋಡುವುದು ಮಾತ್ರ ಆ ಮಗುವಿನ ಮುಖವನ್ನು. ದಯವಿಟ್ಟು ಇದನ್ನು ನಿಲ್ಲಿಸಬೇಕು.

ಮಗುವಿಗೆ ಮರ್ಯಾದೆ ಕೊಡುವುದು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ‘ತೊತ್ತೋ-ಚಾನ್’ ಓದಿ ಎನ್ನುತ್ತೇನೆ. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ಬಾಲ್ಯದ ನೆನಪುಗಳಿವು. ಕನ್ನಡಕ್ಕೂ ಬಂದು ನಮ್ಮ ಅನೇಕ ಶಿಕ್ಷಕರ ಕೈಸೇರಿವೆ. ಟೋಕಿಯೊದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ, ಹಿಂದಿನ ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಪುಟ್ಟ ಹುಡುಗಿಯ ಮಾತನ್ನು ಮೊದಲ ದಿನವೇ ನಾಲ್ಕು ಗಂಟೆ ಕೂತು ಕೇಳಿದರು ಎಂಬ ಪ್ರಸಂಗವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಹತ್ತಿರದ್ದು ಇನ್ನೊಂದು ಪ್ರಸಂಗ. ತರಗತಿಯಲ್ಲಿ ತಕಾಹಾಶಿ ಎಂಬ ಹುಡುಗನಿದ್ದ, ಅವನ ದೇಹದ ಬೆಳವಣಿಗೆ ನಿಂತುಹೋಗಿತ್ತು. ಬಾಲದ ವಿಷಯ ಬಂದಾಗ ಶಿಕ್ಷಕಿ ತಮಾಷೆಗೆಂದು ‘ನಿನಗೂ ಬಾಲ ಇದೆಯಾ’ ಎನ್ನುವ ಅರ್ಥದಲ್ಲಿ ಅವನನ್ನು ಕೇಳಿಬಿಟ್ಟರು. ಕೊಬಾಯಾಶಿ ಆ ಶಿಕ್ಷಕಿಯನ್ನು ತರಾಟೆಗೆ ತೆಗೆದುಕೊಂಡರು. ಅದೂ ಎಲ್ಲಿ? ಉಳಿದ ಶಿಕ್ಷಕರು ಕೂರುವ ಕೋಣೆಯಲ್ಲಲ್ಲ, ಅಡುಗೆ ಮನೆಯಲ್ಲಿ, ಯಾರಿಗೂ ಕೇಳಿಸದ ಹಾಗೆ. ಹುಡುಗನ ಮಾನ ಎಷ್ಟು ಮುಖ್ಯವೋ ತಪ್ಪು ಮಾಡಿದ ಶಿಕ್ಷಕಿಯ ಮಾನವೂ ಅವರಿಗೆ ಅಷ್ಟೇ ಮುಖ್ಯವಾಗಿತ್ತು. ಅದೇ ಶಾಲೆಯ ಕ್ರೀಡಾಕೂಟದಲ್ಲಿ ಆಟಗಳು ಹೇಗಿದ್ದವೆಂದರೆ ಗಿಡ್ಡ ಕಾಲುಗಳ ತಕಾಹಾಶಿಯೇ ಎಲ್ಲದರಲ್ಲೂ ಗೆಲ್ಲುತ್ತಿದ್ದ. ಗೆದ್ದವರಿಗೆ ಬಹುಮಾನವಾಗಿ ಸಿಗುತ್ತಿದ್ದುದು ತರಕಾರಿ. ಅವನ ಮೇಲೆ ಕರುಣೆ ತೋರಿಸಿ ಎಂದು ಕೊಬಾಯಾಶಿ ಮಕ್ಕಳಿಗೆ ಭಾಷಣ ಮಾಡಿದ್ದು ಎಲ್ಲೂ ಇಲ್ಲ.

ಪೊರಕೆ ಯಾರ ಕೈಗೆ?

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಸರದಿಯಂತೆ ಊಟ ಬಡಿಸುತ್ತಾರೆ ಎಂಬ ವಿಡಿಯೊಗಳು ನಮ್ಮ ಮೊಬೈಲುಗಳಲ್ಲಿ ಓಡಾಡುತ್ತಿರುತ್ತವೆ. ನಮ್ಮಲ್ಲೂ ಹೀಗಾಗಬೇಕು ಎಂದು ಅನೇಕರು ಹಂಬಲಿಸುತ್ತಾರೆ. ಆ ಹಂಬಲ ಒಳ್ಳೆಯದೇ. ಕೂತ ಜಾಗವನ್ನು ಶುಚಿಯಾಗಿ ಬಿಟ್ಟು ಹೋಗುವುದು, ತನ್ನ ತಟ್ಟೆ ತಾನೇ ತೊಳೆಯುವುದು ದೊಡ್ಡ ನಡತೆ. ಆದರೆ ಅಲ್ಲಿ ಪೊರಕೆ ಎಲ್ಲರ ಕೈಗೂ ಬರುತ್ತದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದು ಹೆಣ್ಣುಮಕ್ಕಳ ಪಾಲು. ಬೆಂಚು ಎತ್ತಿಡುವುದು, ಗಂಟೆ ಹೊಡೆಯುವುದು ಹುಡುಗರ ಪಾಲು. ಇನ್ನೂ ಕೆಳಗಿನ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ದೃಶ್ಯ ಹೊರಬಂದು ರಾಜ್ಯವೇ ತಲೆತಗ್ಗಿಸಿತು. ಪ್ರಾಂಶುಪಾಲರೂ ಶಿಕ್ಷಕರೂ ಬಂಧನಕ್ಕೊಳಗಾದರು. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಸರ್ಕಾರ ಮತ್ತೆ ಎಚ್ಚರಿಸಿತು. ಆ ಮಕ್ಕಳು ಗುಂಡಿಗೆ ಇಳಿದದ್ದೇಕೆ? ಹೇಳಿದವರು ಗುರುಗಳು, ಗುರುಗಳ ಮಾತು ಮೀರಬಾರದೆಂದು ಕಲಿತಿದ್ದರು. ವಿಧೇಯತೆಯೊಂದನ್ನೇ ಒಳ್ಳೆಯ ನಡತೆ ಎಂದು ಕಲಿಸಿದರೆ ಮಗು ‘ಇದನ್ನು ನಾನು ಮಾಡುವುದಿಲ್ಲ ಸಾರ್’ ಎನ್ನುವ ಶಕ್ತಿ ಕಳೆದುಕೊಳ್ಳುತ್ತದೆ. ದನಿ ಎತ್ತರಿಸದೆ, ಬೈಯದೆ, ಕಣ್ಣಲ್ಲಿ ಕಣ್ಣಿಟ್ಟು ‘ಇಲ್ಲ’ ಎಂದು ಹೇಳುವುದನ್ನು ನಾವು ಸಭ್ಯತೆಯ ಪಟ್ಟಿಗೆ ಸೇರಿಸಬೇಕು. ಮಕ್ಕಳ ಮೈಮೇಲೆ ಕೈಹಾಕುವವರಿಂದ ಅವರನ್ನು ಕಾಯುವುದೂ ಇದೇ ಮಾತು.

ಹಾಗಾದರೆ ಗುರುಗಳಿಗೆ ಗೌರವ ಬೇಡವೇ ಎಂದು ಶಿಕ್ಷಕ ಮಿತ್ರರು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಪಕ್ಕಕ್ಕೆ ಸರಿಸಲಾಗದು. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಏಕೋಪಾಧ್ಯಾಯ ಶಾಲೆಯ ಮೇಷ್ಟರು ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಗಣತಿ, ಚುನಾವಣೆ ಎಲ್ಲವನ್ನೂ ಹೊತ್ತುಕೊಂಡು ಎಲ್ಲ ತರಗತಿಗಳಿಗೂ ಪಾಠ ಮಾಡಬೇಕು. ಹೈಸ್ಕೂಲಿನಲ್ಲಿ ಪಾಠದ ನಡುವೆ ಮೇಡಂ ಅವರ ಫೋಟೊ ತೆಗೆದು ಅಡ್ಡಹೆಸರು ಬರೆದು ಹರಿಬಿಡುವ ಹುಡುಗರಿದ್ದಾರೆ. ಗದರಿಸಿದರೆ ಮರುದಿನ ಗೇಟಿನ ಬಳಿ ಏರುದನಿಯಲ್ಲಿ ಜಗಳಕ್ಕೆ ನಿಲ್ಲುವ ಪೋಷಕರೂ ಇದ್ದಾರೆ. ಕೋಲು ಕಿತ್ತುಕೊಂಡೆವು, ಅದರ ಬದಲಿಗೆ ಬೇಕಾದ ಸಮಯವನ್ನು, ಚಿಕ್ಕ ತರಗತಿಯನ್ನು, ಆಪ್ತ ಸಲಹೆಗಾರರನ್ನು ಕೊಡಲಿಲ್ಲ. ಇದು ಶಿಕ್ಷಕರಿಗೆ ಆದ ಅನ್ಯಾಯ.

ಗುರುಗಳ ಮೇಲಿನ ಗೌರವ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಮೈಸೂರಿನಲ್ಲೇ ನಿದರ್ಶನಗಳಿವೆ. ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಹಾಗೆ ಮಾಡಿ ಎಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಕುವೆಂಪು ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಅಚ್ಚಾಗಿ ಬರುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ವರ್ಷಗಳೇ ಕಳೆದಿದ್ದವು. ಶಿಷ್ಯನಿಗೆ ಅವರಿಂದ ಇನ್ನು ಆಗಬೇಕಾದದ್ದು ಏನೂ ಇರಲಿಲ್ಲ.

ಆದ್ದರಿಂದ ಕೈಮುಗಿಯುವುದು ಬೇಡ, ಎದ್ದು ನಿಲ್ಲುವುದು ಬೇಡ ಎನ್ನುವವರ ಜೊತೆ ನಾನಿಲ್ಲ. ಮೇಷ್ಟರು ತರಗತಿಗೆ ಬಂದಾಗ ಮಕ್ಕಳು ಎದ್ದು ನಿಂತರೆ ಪಾಠ ಶುರುವಾಯಿತು ಎಂದು ಎಲ್ಲರ ಮನಸ್ಸಿಗೂ ತಿಳಿಯುತ್ತದೆ. ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದಾ’ ಎಂದು ಕೇಳುವುದು, ಮಾತಾಡುವವರ ಮಾತು ಮುಗಿಯುವವರೆಗೆ ಕಾಯುವುದು, ಕಡ ತಂದ ಕಂಪಾಸ್ ಬಾಕ್ಸನ್ನು ಕೇಳಿಸಿಕೊಳ್ಳದೆ ಹಿಂದಿರುಗಿಸುವುದು, ಬೇರೆಯವರ ನೋಟ್ಸ್ ನೋಡಿ ಬರೆದರೆ ಅವರ ಹೆಸರು ಹೇಳುವುದು, ಇವೆಲ್ಲ ಇರಲಿ. ಮಕ್ಕಳು ನಮಸ್ಕಾರ ಹೇಳಿದಾಗ ಮೇಷ್ಟರು ಹಾಜರಿ ಪುಸ್ತಕದಿಂದ ತಲೆ ಎತ್ತಿ, ಮುಖ ನೋಡಿ, ತಿರುಗಿ ನಮಸ್ಕಾರ ಹೇಳಬೇಕು. ನನ್ನ ಬೇಡಿಕೆ ಇಷ್ಟೇ.

ಗೊತ್ತಿಲ್ಲ ಎಂದು ಕೇಳುವ ಧೈರ್ಯ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ನಲಿ-ಕಲಿ ಪದ್ಧತಿಯನ್ನು ಕಲಿಕೆಯ ವಿಧಾನವೆಂದು ಮಾತ್ರ ನೋಡುತ್ತೇವೆ. ನನಗೆ ಅದು ನಡವಳಿಕೆಯ ಶಾಲೆಯೂ ಹೌದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಸ್ವಲ್ಪ ನೆರವು, ಮುಂದಿನವಕ್ಕೆ ಓರಗೆಯ ಮಕ್ಕಳದೇ ನೆರವು, ಕೊನೆಯದು ಸ್ವಂತ ಕಲಿಕೆಗೆ. ಇವತ್ತು ಕೇಳುವ ಮಗು ನಾಳೆ ಹೇಳಿಕೊಡುವ ಗುಂಪಿಗೆ ಹೋಗುತ್ತದೆ. ಟೀಚರ್ ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ಮಟ್ಟಕ್ಕೆ ಬಂದು ಕೂರುತ್ತಾರೆ. ಗೊತ್ತಿಲ್ಲದಿರುವುದು ಅಲ್ಲಿ ನಾಚಿಕೆಯ ವಿಷಯವಲ್ಲ, ಅದು ಇವತ್ತು ಕಲಿಯಬೇಕಾದ ಕಾರ್ಡು ಅಷ್ಟೆ. ಮೂಗು ಹಿಡಿಸುತ್ತಿದ್ದ ಅದೇ ನಾಡಿನಲ್ಲಿ ಅದೇ ಸರ್ಕಾರಿ ಶಿಕ್ಷಕರು ಇಷ್ಟು ದೂರ ಬಂದದ್ದು ಸಣ್ಣ ಸಾಧನೆಯಲ್ಲ. ಆಮೇಲೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಅದು ಹರಡಿತು. ಎಲ್ಲ ಕಡೆ ಒಂದೇ ಜೀವದಲ್ಲಿ ನಡೆಯುತ್ತಿದೆ ಎಂದು ಹೇಳಲಾರೆ. ನಡೆಯುವ ಕಡೆ ಮಕ್ಕಳ ಮಾತೇ ಬೇರೆಯಾಗಿರುತ್ತದೆ.

ನಾಲ್ಕನೇ ತರಗತಿಗೆ ಬಂದು ಬೆಂಚಿನ ಸಾಲು ಶುರುವಾದ ಮೇಲೆ ನಗು ಶುರುವಾಗುತ್ತದೆ. ತಪ್ಪು ಓದಿದರೆ ನಗು. ಬಣ್ಣಕ್ಕೆ, ಎತ್ತರಕ್ಕೆ, ಹರಿದ ಚೀಲಕ್ಕೆ ಒಂದೊಂದು ಅಡ್ಡಹೆಸರು. ಬೆಂಗಳೂರಿನ ಶಾಲೆಗಳಲ್ಲಿ ಈ ನಗುವಿಗೆ ಸುಲಭವಾಗಿ ಸಿಗುವವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ‘ಹೌದ್ರೀ, ಬರ್ತೀನ್ರೀ’ ಎಂದು ಮಾತುಮಾತಿಗೂ ಗೌರವ ಸೇರಿಸಿ ಮಾತಾಡುವ ಮಗುವನ್ನೇ ಆ ಮಾತಿಗಾಗಿ ಆಡಿಕೊಳ್ಳುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಹುಡುಕುವ ಮಕ್ಕಳ ಪಾಡೂ ಅದೇ. ಅಂಥ ಮಗು ಒಂದು ವಾರ ನಗೆಗೀಡಾದರೆ ವರ್ಷವಿಡೀ ಬಾಯಿ ಬಿಡುವುದಿಲ್ಲ. ಸುಮ್ಮನಿರುವುದನ್ನು ನೋಡಿ ಟೀಚರ್ ‘ಒಳ್ಳೆ ಹುಡುಗ, ಗಲಾಟೆ ಮಾಡಲ್ಲ’ ಎಂದು ತಿಳಿಯುವ ಅಪಾಯವೂ ಇದೆ. ಇಂಥ ನಗುವನ್ನು ತಡೆಯಬಲ್ಲವರು ಆ ತರಗತಿಯ ಮಕ್ಕಳೇ. ನಗುವವರ ನಡುವೆ ಒಬ್ಬಳು ನಗದೆ ಕೂತು, ಬಿಡುವಿನಲ್ಲಿ ಹೋಗಿ ‘ನಿಮ್ಮೂರು ಯಾವುದು’ ಎಂದು ಕೇಳಿದರೆ ಸಾಕು, ಆ ಮಗು ಮರುದಿನ ಶಾಲೆಗೆ ಬರುತ್ತದೆ.

ಬಲವಂತದ ‘ಸಾರಿ’ಯ ಬಗ್ಗೆ ಒಂದು ಮಾತು. ಜಗಳವಾಡಿದ ಇಬ್ಬರನ್ನು ನಿಲ್ಲಿಸಿ ಕೈ ಕುಲುಕಿಸಿ ಕಳಿಸಿದರೆ ಜಗಳ ಗೇಟಿನ ಆಚೆ ಮುಂದುವರಿಯುತ್ತದೆ. ಇಬ್ಬರೂ ನಡೆದದ್ದನ್ನು ಪೂರ್ತಿ ಹೇಳಲಿ, ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕದಿರಲಿ, ಹರಿದ ಪುಸ್ತಕಕ್ಕೆ ಹರಿದವನೇ ರಟ್ಟು ಹಾಕಿಕೊಡಲಿ. ಇದಕ್ಕೆ ಅರ್ಧ ಅವಧಿ ಹಿಡಿಯುತ್ತದೆ. ಆ ಅರ್ಧ ಅವಧಿಯೂ ಪಾಠವೇ ಎಂದು ಇಲಾಖೆ ಒಪ್ಪಬೇಕು.

ದೊಡ್ಡವರ ಪರೀಕ್ಷೆಯೂ ಒಂದಿದೆ. ಮಕ್ಕಳಿಗೆ ಬಡಿಸುವ ಅಮ್ಮ ಹೇಗೋ, ದೊಡ್ಡವರಿಗೆ ಮಕ್ಕಳು ಹಾಗೆ: ತಿರುಗಿ ಏನೂ ಮಾಡಲಾರದವರು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳಿಂದಲೇ ಮಕ್ಕಳಿಗಾಗಿ ಪಂಚಾಯಿತಿ ನಡೆಸುವ ಪ್ರಯೋಗ ಕುಂದಾಪುರದ ಕಡೆ 1990ರ ದಶಕದಲ್ಲೇ ಆಗಿತ್ತು, ಈಗ ಗ್ರಾಮಸಭೆಗಳು ರಾಜ್ಯದಾದ್ಯಂತ ಬಂದಿವೆ. ಅಲ್ಲಿ ಮಕ್ಕಳು ಎದ್ದು ನಿಂತು, ಎಲ್ಲರಿಗೂ ನಮಸ್ಕಾರ ಹೇಳಿ, ಮೈಕು ಹಿಡಿದು ಕೇಳುತ್ತಾರೆ: ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲೆಯ ಪಕ್ಕದಲ್ಲೇ ಸಾರಾಯಿ ಮಾರುತ್ತಾರೆ, ಹೈಸ್ಕೂಲಿಗೆ ಹೋಗಲು ಬಸ್ಸಿಲ್ಲ, ಕಾಂಪೌಂಡು ಬಿದ್ದಿದೆ. ಅವರ ಮಾತಿನಲ್ಲಿ ಒರಟುತನ ಇರುವುದಿಲ್ಲ, ಅಳುಕೂ ಇರುವುದಿಲ್ಲ. ಶಾಲೆಯಲ್ಲಿ ಕಲಿಯಬೇಕಾದ ಸಭ್ಯತೆಯ ಅತಿ ಒಳ್ಳೆಯ ರೂಪವನ್ನು ನಾನು ಕಂಡಿರುವುದು ಇಂಥ ಸಭೆಗಳಲ್ಲಿ. ವೇದಿಕೆಯ ಮೇಲಿರುವವರು ಆಗ ಮೊಬೈಲ್ ಕೆಳಗಿಡಬೇಕು, ಮಗುವಿನ ಹೆಸರು ಕೇಳಿ ತಿಳಿದುಕೊಳ್ಳಬೇಕು, ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಆಗುವುದಿಲ್ಲವಾದರೆ ಯಾಕೆ ಆಗುವುದಿಲ್ಲ ಎಂದು ಆ ಮಗುವಿಗೇ ಹೇಳಬೇಕು. ಮುಂದಿನ ವರ್ಷ ಅದೇ ಹುಡುಗಿ ಅದೇ ಬಾಗಿಲಿನ ಬಗ್ಗೆ ಎದ್ದು ಕೇಳಿದರೆ, ಪಂಚಾಯಿತಿಯವರು ಹಿಂದಿನ ವರ್ಷದ ಪುಟ ತೆಗೆದು ಸಭೆಯ ಮುಂದೆ ಓದಲಿ.